ದಿ ಅಮೆರಿಕನ್ಸ್, ಐದನೆಯ ಸೀಸನ್ನಿನ ಮೊದಲ ಕಂತು: ಅಷ್ಟು ಹೊತ್ತು ಗುಂಡಿ ತೋಡಿಸಿದ್ದು ಏಕೆ?

ನಿದ್ದೆಗೇಡಿ (ಶನಿವಾರ, ರಾತ್ರಿ 11:52)

ವಾರಕ್ಕೊಂದು ಕಂತಿನಂತೆ ಈ ಸರಣಿಯನ್ನು ಮತ್ತೊಮ್ಮೆ ನೋಡುತ್ತಾ ಬಂದ ನಾವು ಐದನೆಯ ಸೀಸನ್ನಿನ ಹೊಸ್ತಿಲಿಗೆ ಬಂದು ನಿಂತಿದ್ದೇವೆ. ಈ ವಾರದ ಕಂತಿನ ಹೆಸರು ‘ಅಂಬರ್ ವೇವ್ಸ್’. ಎಫ್‌ಎಕ್ಸ್ ವಾಹಿನಿಯಲ್ಲಿ 2017ರ ಮಾರ್ಚ್ 7ರಂದು ಮೊದಲು ಬಂದದ್ದು. ನಡುವೆ ಸೇರಿಕೊಂಡವರಿಗಾಗಿ ಎರಡು ಮಾತು: ಕಾಲ ಎಂಬತ್ತರ ದಶಕ, ಊರು ವಾಷಿಂಗ್ಟನ್ನಿನ ಹೊರವಲಯ. ಪ್ರವಾಸ ಏಜೆನ್ಸಿ ನಡೆಸುವ ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಎಂಬ ದಂಪತಿ ನಿಜದಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಬೇಹುಗಾರರು. ಎದುರು ಮನೆಯ ಸ್ಟ್ಯಾನ್ ಎಫ್‌ಬಿಐ ಅಧಿಕಾರಿ. ಮಗಳು ಪೇಜ್‌ಗೆ ಗುಟ್ಟು ತಿಳಿದಿದೆ, ಮಗ ಹೆನ್ರಿಗೆ ತಿಳಿದಿಲ್ಲ. ಮುಂದಿನ ಕಂತುಗಳ ಸಂಗತಿಯನ್ನು ದಯವಿಟ್ಟು ಇಲ್ಲಿ ಒಡೆಯಬೇಡಿ, ಮೊದಲ ಸಲ ನೋಡುತ್ತಿರುವವರು ನಾಲ್ಕೈದು ಮಂದಿ ಇದ್ದಾರೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಆರು ಸೀಸನ್ನುಗಳ ಆರು ಆರಂಭದ ಕಂತುಗಳಲ್ಲಿ ನನಗೆ ಇದೇ ಮೇಲು.

ಶುರುವಾಗುವುದು ಶಾಲೆಯಲ್ಲಿ. ರಷ್ಯಾದಿಂದ ಹೊಸದಾಗಿ ಬಂದಿರುವ ಪಾಶಾ ಎಂಬ ಹುಡುಗ ಯಾರೊಂದಿಗೂ ಬೆರೆಯದೆ ಒಂಟಿಯಾಗಿದ್ದಾನೆ. ವಿಯೆಟ್ನಾಂ ಮೂಲದ ತುವಾನ್ ಅವನನ್ನು ಮಾತನಾಡಿಸುತ್ತಾನೆ. ಒಳ್ಳೆಯ ಹುಡುಗ ಎಂದುಕೊಳ್ಳುವಷ್ಟರಲ್ಲಿ ತುವಾನ್ ಮನೆಗೆ ಹೋಗುತ್ತಾನೆ. ಅಲ್ಲಿ ಅಪ್ಪ ಅಮ್ಮ ಯಾರೆಂದು ನೋಡಿದರೆ ಪೈಲಟ್ ವೇಷದ ಫಿಲಿಪ್, ಗಗನಸಖಿಯ ವೇಷದ ಎಲಿಜಬೆತ್! ಇಡೀ ಸಂಸಾರವೇ ಬಾಡಿಗೆಯದು. ಅವರ ಕಣ್ಣಿರುವುದು ಪಾಶಾನ ಅಪ್ಪ ಅಲೆಕ್ಸೈ ಮೊರೊಝೋವ್ ಮೇಲೆ. ದೇಶ ಬಿಟ್ಟು ಬಂದು ಅಮೆರಿಕದವರಿಗೆ ನೆರವಾಗುತ್ತಿರುವ ಸೋವಿಯತ್ ಕೃಷಿ ತಜ್ಞ ಆತ. ಇಷ್ಟನ್ನೂ ಯಾರೂ ನಮಗೆ ಕೂರಿಸಿ ವಿವರಿಸುವುದಿಲ್ಲ. ನಾವೇ ಹೆಕ್ಕಿಕೊಳ್ಳಬೇಕು.

ಆಮೇಲೆ ಕೊನೆಯ ಭಾಗ. ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್ ಸೇನಾ ನೆಲೆಯಲ್ಲಿ, ಕತ್ತಲಲ್ಲಿ, ಇವರ ತಂಡ ವಿಲಿಯಂನ ಹೆಣ ಹೂತ ಜಾಗವನ್ನು ಅಗೆಯುತ್ತದೆ. ಅಮೆರಿಕದ ರೋಗಾಣು ಪ್ರಯೋಗಾಲಯದಲ್ಲಿದ್ದ ಸೋವಿಯತ್ ಬೇಹುಗಾರ ಈ ವಿಲಿಯಂ. ಹಿಂದಿನ ಸೀಸನ್ನಿನ ಕಡೆಯ ಕಂತು ನೆನಪಿರಬೇಕು: ಎಫ್‌ಬಿಐ ಸುತ್ತುವರಿದಾಗ ಆತ ಲಾಸಾ ವೈರಸ್ಸಿನ ಸೀಸೆಯನ್ನು ಅಂಗೈಯಲ್ಲೇ ಒಡೆದುಕೊಂಡು ಸತ್ತಿದ್ದ. ಸೀಸೆ ಹೋಯಿತು, ಆದರೆ ಮೈಯಲ್ಲಿ ವೈರಸ್ ಉಳಿದಿದೆಯಲ್ಲ, ಒಂದು ತುಂಡು ಕೊಯ್ದು ತನ್ನಿ ಎಂದು ಅಪ್ಪಣೆ. ಅಗೆಯುತ್ತಾರೆ, ಅಗೆಯುತ್ತಾರೆ, ಅಗೆಯುತ್ತಲೇ ಇರುತ್ತಾರೆ. ಹತ್ತು ನಿಮಿಷದ ಆಸುಪಾಸು ಮಾತಿಲ್ಲ ಕತೆಯಿಲ್ಲ, ಸಲಿಕೆಯ ಸದ್ದು ಮತ್ತು ಏದುಸಿರು. ಬೇಹುಗಾರಿಕೆ ಎಂದರೆ ಮೈಮುರಿಯುವ ಕೂಲಿ ಕೆಲಸ ಎಂದು ತೋರಿಸಿದ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ. ಈ ಸರಣಿಯನ್ನು ಕಟ್ಟಿದ ಜೋ ವೈಸ್‌ಬರ್ಗ್ ಹಿಂದೆ ಸಿಐಎಯಲ್ಲಿ ಕೆಲಸ ಮಾಡಿದವರು. ಆ ಕೆಲಸದ ಬೇಸರ, ಕಾಯುವಿಕೆ, ಸುಸ್ತು ಇವೆಲ್ಲ ಅವರಿಗೆ ಹೊರಗಿನಿಂದ ಕೇಳಿ ತಿಳಿದವಲ್ಲ ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ನಿಮ್ಮ ಅಭಿಪ್ರಾಯ ಬರಲಿ.

ಕಡ್ಲೆಪುರಿ (ಭಾನುವಾರ, ಬೆಳಗ್ಗೆ 8:15)

ನಿದ್ದೆಗೇಡಿಯವರೇ, ನಿಮಗೆ ನಿದ್ದೆ ಬಾರದಿರಬಹುದು, ಆ ಗುಂಡಿ ತೋಡುವಾಗ ನನಗಂತೂ ಬಂತು.

ಸುಸ್ತನ್ನು ತೋರಿಸಲು ನೋಡುವವರನ್ನೂ ಸುಸ್ತು ಮಾಡಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲಿದೆ? ಎರಡು ನಿಮಿಷ ತೋರಿಸಿ, ಚಂದ್ರ ಇತ್ತಿಂದತ್ತ ಸರಿದದ್ದನ್ನು ತೋರಿಸಿದ್ದರೆ ನಮಗೂ ಅರ್ಥವಾಗುತ್ತಿತ್ತು. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಸೊಸೆಯ ಕೈಯಿಂದ ಕಾಫಿ ಲೋಟ ಜಾರಿ ನೆಲಕ್ಕೆ ಬೀಳಲು ಒಂದು ವಾರ ಹಿಡಿದರೆ ನಾವೆಲ್ಲ ಸೇರಿ ಗೇಲಿ ಮಾಡುತ್ತೇವೆ. ಅದನ್ನೇ ಅಮೆರಿಕದವರು ಮಂದ ಬೆಳಕಿನಲ್ಲಿ ಮಾಡಿದರೆ ಕಲೆ. ಮೇಲಾಗಿ, ಇದು ಸೀಸನ್ನಿನ ಮೊದಲ ಕಂತು. ಒಂಬತ್ತು ತಿಂಗಳು ಕಾದು ಕೂತಿದ್ದ ಜನಕ್ಕೆ ಬಡಿಸುವ ಮೊದಲ ತುತ್ತು ಮಣ್ಣೇ?

ಶಾಲೆಯಿಂದ ಬಾಡಿಗೆ ಸಂಸಾರಕ್ಕೆ ಹೋಗುವ ಆರಂಭ ಮಾತ್ರ ಅಮೋಘ, ಅದನ್ನು ಒಪ್ಪುತ್ತೇನೆ.

ಬಾವಿಕಟ್ಟೆ (ಭಾನುವಾರ, ಬೆಳಗ್ಗೆ 10:40)

ನಮ್ಮ ತಂದೆ ಬಾವಿ ತೋಡುವ ಕೆಲಸ ಮಾಡುತ್ತಿದ್ದರು. ಕೊಳವೆ ಬಾವಿಯ ಯಂತ್ರಗಳು ನಮ್ಮ ಕಡೆ ಮನೆ ಮನೆಗೂ ಬರುವವರೆಗೆ ಅದೇ ನಮ್ಮ ಅನ್ನ. ರಜೆಯಲ್ಲಿ ಮೇಲೆ ನಿಂತು ರಾಟೆಯ ಹಗ್ಗ ಎಳೆಯುವುದು ನನ್ನ ಪಾಲಿನ ಕೆಲಸ. ಆದ್ದರಿಂದ ಈ ದೃಶ್ಯವನ್ನು ನಾನು ಕಲೆಯ ಕಣ್ಣಿನಿಂದ ನೋಡಲಿಲ್ಲ, ಮೇಸ್ತ್ರಿಯ ಕಣ್ಣಿನಿಂದ ನೋಡಿದೆ. ಕೆಲವು ಮಾತು.

ಅಗೆಯುವುದು ಅರ್ಧ ಕೆಲಸವೂ ಅಲ್ಲ. ಮಣ್ಣು ಮೇಲೆತ್ತುವುದೇ ಕೆಲಸ. ಸೊಂಟದ ಆಳದವರೆಗೆ ಸಲಿಕೆಯಲ್ಲಿ ತೂರಿ ಎಸೆಯಬಹುದು. ಎದೆಯ ಮಟ್ಟ ದಾಟಿದರೆ ಎಸೆದ ಮಣ್ಣಿನಲ್ಲಿ ಕಾಲುಭಾಗ ತಲೆಯ ಮೇಲೆಯೇ ಸುರಿಯುತ್ತದೆ. ಆಗ ಬುಟ್ಟಿ ಬೇಕು, ಹಗ್ಗ ಬೇಕು, ಮೇಲೆ ಒಬ್ಬ ಬೇಕು. ಗುಂಡಿಯ ಅಂಚಿನಲ್ಲೇ ಮಣ್ಣು ಗುಡ್ಡೆ ಹಾಕಿದರೆ ಅದರ ಭಾರಕ್ಕೆ ಅಂಚು ಕುಸಿಯುತ್ತದೆ. ಅಪ್ಪ ಎರಡು ಮಾರು ಆಚೆ ಸುರಿಯಿರಿ ಎಂದು ಬೈಯುತ್ತಲೇ ಇರುತ್ತಿದ್ದರು. ಇನ್ನು ಕತ್ತಲಲ್ಲಿ ಪಕ್ಕ ಪಕ್ಕ ನಿಂತು ಗುದ್ದಲಿ ಬೀಸುವುದೆಂದರೆ ಪಕ್ಕದವನ ಮೊಣಕಾಲಿಗೆ ಬೀಳುವುದು ಖಚಿತ.

ಆದರೂ ನನಗೆ ಹಿಡಿಸಿದ್ದು ಒಂದಿದೆ. ಇವರು ಅಗೆಯುವಾಗ ಮಾತನಾಡುವುದಿಲ್ಲ. ಹೊಸಬರು ಮೊದಲ ಅರ್ಧ ಗಂಟೆ ಹರಟೆ ಹೊಡೆಯುತ್ತಾರೆ, ಅನುಭವ ಇದ್ದವರು ಉಸಿರನ್ನು ಉಳಿಸಿಕೊಳ್ಳುತ್ತಾರೆ. ಮಾತು ನಿಂತ ಮೇಲೆ ಕೆಲಸಕ್ಕೊಂದು ಲಯ ಬರುತ್ತದೆ. ಒಬ್ಬ ಬಾಗಿದಾಗ ಇನ್ನೊಬ್ಬ ಏಳುತ್ತಾನೆ. ಅದು ತಾನಾಗಿ ಬರುವುದು, ಯಾರೂ ಹೇಳಿಕೊಡುವುದಿಲ್ಲ. ಫಿಲಿಪ್ ಮತ್ತು ಎಲಿಜಬೆತ್ ಪರಸ್ಪರ ಮುಖ ನೋಡದೆ ದುಡಿಯುವುದನ್ನು ಕಂಡು, ಈ ಗಂಡ ಹೆಂಡತಿ ಇಪ್ಪತ್ತು ವರ್ಷ ಜೊತೆಗೆ ಬದುಕಿದ್ದಾರೆ ಎಂದು ನನಗೆ ಮೊದಲ ಸಲ ಪೂರ್ತಿ ನಂಬಿಕೆ ಬಂತು.

ಕಡ್ಲೆಪುರಿಯವರೇ, ಎರಡು ನಿಮಿಷ ತೋರಿಸಿದ್ದರೆ ಸಾಕಿತ್ತು ಎಂದಿರಿ. ಆ ಲಯ ಎರಡು ನಿಮಿಷದಲ್ಲಿ ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಕಡ್ಲೆಪುರಿ (ಭಾನುವಾರ, ಬೆಳಗ್ಗೆ 11:02)

ಬಾವಿಕಟ್ಟೆಯವರೇ, ನಿಮ್ಮ ಈ ನಾಲ್ಕು ಸಾಲು ಆ ದೃಶ್ಯಕ್ಕಿಂತ ಚೆನ್ನಾಗಿದೆ. ನನ್ನ ದೂರು ಹಾಗೆಯೇ ಇದೆ.

ರಾತ್ರಿಪಾಳಿ (ಭಾನುವಾರ, ಮಧ್ಯಾಹ್ನ 2:30)

ಎಲ್ಲರೂ ಗುಂಡಿಯ ಬಗ್ಗೆಯೇ ಮಾತನಾಡುತ್ತಿದ್ದೀರಿ, ಗುಂಡಿಗೆ ಬಿದ್ದವನ ಬಗ್ಗೆ ಒಂದು ಮಾತೂ ಇಲ್ಲ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ರಕ್ತದ ಮಾದರಿಗಳೊಂದಿಗೆ ಹದಿನಾಲ್ಕು ವರ್ಷ ಕಳೆದಿದ್ದೇನೆ. ಅಗೆಯುವ ತಂಡದ ಹುಡುಗ ಹ್ಯಾನ್ಸ್‌ನ ಕೈಗೆ ಗಾಯವಾದಾಗ ನನ್ನ ಕೈಯೇ ತಣ್ಣಗಾಯಿತು.

ನಮ್ಮಲ್ಲಿ ಸೂಜಿ ಚುಚ್ಚಿಕೊಂಡರೆ ಮಾಡಬೇಕಾದದ್ದು ಬಾಯಿಪಾಠವಿದೆ: ನಲ್ಲಿಯ ಕೆಳಗೆ ಹಿಡಿ, ಸೋಪಿನಲ್ಲಿ ತೊಳೆ, ಹಿಂಡಬೇಡ, ಮೇಲಿನವರಿಗೆ ತಿಳಿಸು, ದಾಖಲಿಸು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನನಗೂ ಒಮ್ಮೆ ಹಾಗಾಗಿತ್ತು. ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಮಗುವಿಗೆ ಮುತ್ತು ಕೊಡಲೂ ಹೆದರಿದ್ದೆ. ಹ್ಯಾನ್ಸ್‌ನ ಮುಖದಲ್ಲಿ ಆ ಕ್ಷಣ ಕಂಡದ್ದು ಅದೇ. ಗಾಯದ ನೋವಿಗಿಂತ ಮುಂಚೆ ಲೆಕ್ಕ ಬರುತ್ತದೆ.

ಲಾಸಾ ಜ್ವರಕ್ಕೆ ನೈಜೀರಿಯಾದ ಲಾಸಾ ಎಂಬ ಊರಿನಿಂದ ಹೆಸರು ಬಂತು, 1969ರಲ್ಲಿ ಗುರುತಿಸಿದ್ದು, ಹರಡುವುದು ಒಂದು ಜಾತಿಯ ಇಲಿಯಿಂದ. ಸಾಮಾನ್ಯ ಲಾಸಾ ಬಹಳಷ್ಟು ಜನರಲ್ಲಿ ಹಗುರವಾಗಿಯೇ ಬಂದು ಹೋಗುತ್ತದೆ. ಕತೆಯಲ್ಲಿರುವುದು ಯುದ್ಧಕ್ಕೆಂದು ಹದಗೊಳಿಸಿದ ತಳಿ, ಆ ಲೆಕ್ಕ ಬೇರೆ. ಸೋಂಕು ತಗುಲಿ ಲಕ್ಷಣ ಕಾಣಲು ಮೂರು ವಾರದವರೆಗೂ ಹಿಡಿಯಬಹುದು. ಅಂದರೆ ಹ್ಯಾನ್ಸ್‌ಗೆ ತಗುಲಿದೆಯೋ ಇಲ್ಲವೋ ಆ ಗುಂಡಿಯ ಪಕ್ಕದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಒಂದು ಕೋಣೆ, ಮೂರು ವಾರ, ಬಾಗಿಲಲ್ಲಿಡುವ ಊಟ ಇಷ್ಟು ಸಿಕ್ಕಿದ್ದರೆ ಬದುಕುತ್ತಿದ್ದನೇನೋ. ಹಿಂದಿನ ಸೀಸನ್ನಿನಲ್ಲಿ ಇವರ ಮೇಲಿನವನಾದ ಮುದುಕ ಗೇಬ್ರಿಯಲ್‌ಗೆ ಗ್ಲ್ಯಾಂಡರ್ಸ್ ಸೋಂಕು ತಗುಲಿದಾಗ ಇದೇ ಗಂಡ ಹೆಂಡತಿ ಅವನ ಬಳಿ ಉಳಿದು ನೋಡಿಕೊಂಡಿದ್ದರು. ಗೇಬ್ರಿಯಲ್‌ಗೆ ಸಿಕ್ಕ ಕೋಣೆ ಹ್ಯಾನ್ಸ್‌ಗೆ ಸಿಗಲಿಲ್ಲ.

ಎಲಿಜಬೆತ್ ಅವನಿಗೆ ಸಮಾಧಾನ ಹೇಳುವ ಧ್ವನಿಯನ್ನು ಕೇಳಿದಿರಾ? ಇಂಜೆಕ್ಷನ್ ಕೊಡುವ ಮೊದಲು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಏನೂ ಆಗುವುದಿಲ್ಲ ಕಂದಾ ಎಂದು. ಅದೇ ಧ್ವನಿ. ಮರುಕ್ಷಣ ಗುಂಡು. ಎಲಿಜಬೆತ್ ಪಾತ್ರದ ಕೆರಿ ರಸಲ್ ಅವರ ಮುಖದಲ್ಲಿ ಆ ಎರಡರ ನಡುವೆ ಒಂದು ರೇಖೆಯೂ ಬದಲಾಗುವುದಿಲ್ಲ.

ಉಣುಗು (ಭಾನುವಾರ, ಸಂಜೆ 6:05)

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ, ನಾನು ಸಾಗರದ ಕಡೆಯವನು. ರಾತ್ರಿಪಾಳಿಯವರು ವೈರಸ್ಸಿನ ಮಾತು ತೆಗೆದದ್ದಕ್ಕೆ ಒಂದು ಸಂಗತಿ ಹೇಳಬೇಕು. ವಿಷಯಾಂತರ ಎನ್ನಿಸಿದರೆ ಕ್ಷಮಿಸಿ.

ಮಂಗನ ಕಾಯಿಲೆಯೂ ಲಾಸಾದಂತೆ ರಕ್ತಸ್ರಾವ ತರಬಲ್ಲ ವೈರಸ್ ಜ್ವರವೇ, ವಂಶ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದರು. ಆ ಕೇಂದ್ರ ಶುರುವಾದದ್ದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆಗಾರಿಕೆಯಲ್ಲಿ. ಉಣುಗು ಎಂಬ ರಕ್ತ ಹೀರುವ ಹುಳದಿಂದ ಹರಡುವ ಈ ವೈರಸ್ಸಿಗೆ ಹತ್ತಿರದ ನೆಂಟ ಎಲ್ಲಿ ಸಿಕ್ಕಿತು ಗೊತ್ತೇ? ಸೋವಿಯತ್ ದೇಶದ ಸೈಬೀರಿಯಾದಲ್ಲಿ, ಓಮ್ಸ್ಕ್ ಎಂಬಲ್ಲಿ. ಹಾಗಾದರೆ ಸೈಬೀರಿಯಾದಿಂದ ಚಳಿಗಾಲಕ್ಕೆ ಹಾರಿ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸಿತು. ಮುಂದೆ ಆ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಸೇರಿದಾಗ, ಇದು ರೋಗಾಣು ಯುದ್ಧದ ತಯಾರಿ ಎಂಬ ಆರೋಪ ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಯಿತು. ಹಕ್ಕಿಗಳ ಮೇಲಿನ ಅನುಮಾನ ಕೊನೆಗೂ ಸಾಬೀತಾಗಲಿಲ್ಲ.

ಅಂದರೆ ಶೀತಲ ಸಮರದ ಎರಡೂ ಕಡೆಯವರು ನಮ್ಮೂರ ಕಾಡಿನ ಉಣುಗಿನವರೆಗೂ ಬಂದು ಹೋಗಿದ್ದಾರೆ! ನನ್ನ ಅಜ್ಜಿಗೆ ಇದೇನೂ ತಿಳಿದಿರಲಿಲ್ಲ. ದರಕು (ಒಣ ಎಲೆ) ತರಲು ಹೋಗುವಾಗ ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎನ್ನುವುದಷ್ಟೇ ಅವಳ ವಿಜ್ಞಾನ. 2019ರಲ್ಲಿ ಅರಳಗೋಡು ಭಾಗದಲ್ಲಿ ಕಾಯಿಲೆ ಮತ್ತೆ ಎದ್ದಾಗ ನಮ್ಮ ನೆಂಟರ ಮನೆಗಳಲ್ಲಿ ಎಷ್ಟೋ ದಿನ ಯಾರೂ ತೋಟದ ಮೇಲಿನ ಕಾಡಿಗೆ ಕಾಲಿಡಲಿಲ್ಲ. ಹೀಗಾಗಿ ಆ ಗುಂಡಿಯ ದೃಶ್ಯ ನನಗೆ ಉದ್ದವೆನ್ನಿಸಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿರೋ ಎಂದು ಟಿವಿಯ ಮುಂದೆ ಕೂಗಿದ್ದೇನೆ.

ಹೊರನಾಡಿಗ (ಭಾನುವಾರ, ರಾತ್ರಿ 8:20)

ವರ್ಜೀನಿಯಾದಿಂದ ಒಂದು ಸಣ್ಣ ಟಿಪ್ಪಣಿ. ಫೋರ್ಟ್ ಡೆಟ್ರಿಕ್ ಇರುವುದು ಫ್ರೆಡ್ರಿಕ್ ಪಟ್ಟಣದ ಒಳಗೇ. ವಾಷಿಂಗ್ಟನ್ನಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಬೇಲಿಯ ಹೊರಗೆ ಮನೆಗಳು, ಅಂಗಡಿಗಳು. ನಮ್ಮ ಪರಿಚಯದವರ ಮನೆಗೆ ಗಣೇಶನ ಹಬ್ಬಕ್ಕೆ ಹೋಗುವಾಗ ಅದೇ ಬೇಲಿಯ ಪಕ್ಕದಲ್ಲಿ ಹಾದು ಹೋಗುತ್ತೇವೆ. ಅಮೆರಿಕ 1943ರಿಂದ ರೋಗಾಣು ಅಸ್ತ್ರಗಳ ಕೆಲಸ ನಡೆಸಿದ್ದು ಅಲ್ಲಿಯೇ. 1969ರಲ್ಲಿ ಅಧ್ಯಕ್ಷ ನಿಕ್ಸನ್ ದಾಳಿಯ ಅಸ್ತ್ರಗಳನ್ನು ನಿಲ್ಲಿಸಿದರು, ರಕ್ಷಣೆಯ ಹೆಸರಿನ ಸಂಶೋಧನೆ ಮುಂದುವರಿಯಿತು. ರೋಗಾಣು ಅಸ್ತ್ರಗಳನ್ನು ನಿಷೇಧಿಸುವ 1972ರ ಒಪ್ಪಂದಕ್ಕೆ ಅಮೆರಿಕ, ಸೋವಿಯತ್ ಎರಡೂ ಸಹಿ ಹಾಕಿದವು. ಸೋವಿಯತ್ ಒಕ್ಕೂಟ ಸಹಿ ಹಾಕಿದ ಮೇಲೆಯೇ ಗುಟ್ಟಾಗಿ ಇನ್ನೂ ದೊಡ್ಡದಾಗಿ ಶುರು ಮಾಡಿತು. 1979ರ ಏಪ್ರಿಲ್‌ನಲ್ಲಿ ಸ್ವೆರ್ದ್‌ಲೋವ್‌ಸ್ಕ್‌ನ ಕಾರ್ಖಾನೆಯಿಂದ ಆಂಥ್ರಾಕ್ಸ್ ಸೋರಿ ಕನಿಷ್ಠ ಅರವತ್ತಾರು ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರಕಾರ ಹೇಳಿತು.

ವಿಲಿಯಂ ಆ ವೈರಸ್ಸನ್ನು ತನ್ನವರಿಗೇ ಕೊಡಲು ಹಿಂಜರಿದದ್ದು ಸುಮ್ಮನೆ ಅಲ್ಲ. ಸೋವಿಯತ್ ಪ್ರಯೋಗಾಲಯಗಳ ಮೇಲೆ ಅವನಿಗೆ ಭರವಸೆಯಿರಲಿಲ್ಲ.

ಚಿತ್ರೀಕರಣ ಮಾತ್ರ ಇಲ್ಲೆಲ್ಲೂ ನಡೆದಿಲ್ಲ, ಬಹುಪಾಲು ನ್ಯೂಯಾರ್ಕಿನ ಸುತ್ತಮುತ್ತ. ಇಲ್ಲಿನವರಿಗೆ ಬೀದಿ ನೋಡಿದರೆ ತಿಳಿಯುತ್ತದೆ.

ಬೆಳವಲ (ಭಾನುವಾರ, ರಾತ್ರಿ 9:45)

ವೈರಸ್ ಆಯಿತು, ಇನ್ನು ಗೋಧಿಗೆ ಬನ್ನಿ. ಕಂತಿನ ಹೆಸರೇ ಗೋಧಿಯದು. ಅಮೆರಿಕದವರ ಒಂದು ದೇಶಭಕ್ತಿ ಗೀತೆಯಲ್ಲಿ ಬೆಳೆದು ನಿಂತ ಧಾನ್ಯದ ಹೊಲವನ್ನು ಹೀಗೆ ಹೊಂಬಣ್ಣದ ಅಲೆಗಳು ಎಂದು ಹೊಗಳಿದ್ದಾರೆ. ಬೇಹುಗಾರರ ಕತೆಗೆ ಇಂಥ ಹೆಸರೇಕೆ ಎಂದು ಯಾರೂ ಕೇಳಲಿಲ್ಲವಲ್ಲ!

ಸೋವಿಯತ್ ಒಕ್ಕೂಟಕ್ಕೆ ಉಕ್ರೇನಿನ ಕಪ್ಪು ಮಣ್ಣಿತ್ತು. ನಮ್ಮ ಎರೆಹೊಲದವರು ನೋಡಿದರೆ ಹೊಟ್ಟೆಕಿಚ್ಚು ಪಡುವಂಥ ನೆಲ. ಆದರೂ 1972ರಲ್ಲಿ ಅಮೆರಿಕದಿಂದ ಎಷ್ಟು ಧಾನ್ಯ ಕೊಂಡರೆಂದರೆ ಅಮೆರಿಕದಲ್ಲೇ ಬೆಲೆ ಏರಿತು. ಅಫ್ಘಾನಿಸ್ತಾನಕ್ಕೆ ಸೇನೆ ನುಗ್ಗಿಸಿದ್ದಕ್ಕೆ 1980ರ ಜನವರಿಯಲ್ಲಿ ಕಾರ್ಟರ್ ಧಾನ್ಯ ಮಾರಾಟಕ್ಕೆ ತಡೆ ಹಾಕಿದರು. ರೈತರು ಸಿಟ್ಟಾದರು. 1981ರ ಏಪ್ರಿಲ್‌ನಲ್ಲಿ ರೇಗನ್ ಅದನ್ನು ತೆಗೆದರು. ಕತೆ ನಡೆಯುವುದು 1984ರಲ್ಲಿ. ಶತ್ರುವಿನ ಕೈಯಿಂದ ರೊಟ್ಟಿ ತಿನ್ನುವ ಭಯ ಕೆಜಿಬಿಗೆ ಇದ್ದೇ ಇರುತ್ತದೆ. ಊಟದ ಮೇಜಿನ ಮುಂದೆ ಅಲೆಕ್ಸೈ ತನ್ನ ದೇಶದ ಬಗ್ಗೆ ಕಾರುವ ಕಹಿಯನ್ನು, ಎದುರು ಕೂತ ಪೈಲಟ್ ದಂಪತಿ ನಗುಮುಖದಿಂದ ಕೇಳಬೇಕು. ಅವರಿಬ್ಬರೂ ಹಸಿವು ಕಂಡ ಮಕ್ಕಳು. ನನಗೆ ಇಡೀ ಕಂತಿನ ತಿರುಳು ಆ ಊಟ. ಗುಂಡಿಯಲ್ಲ.

ಈ ಭಯ ನಮಗೆ ಹೊಸದಲ್ಲ. ಪಿಎಲ್-480 ಯೋಜನೆಯಲ್ಲಿ ಅಮೆರಿಕದ ಗೋಧಿ ನಮ್ಮ ದೇಶಕ್ಕೆ ಹಡಗು ಹಡಗಾಗಿ ಬಂದ ಕಾಲವಿತ್ತು. 1965-66ರ ಬರದಲ್ಲಂತೂ ಮುಂದಿನ ಹಡಗು ಯಾವಾಗ ಎಂದು ದೆಹಲಿ ಕಾಯುತ್ತಿತ್ತು. ಅದೇ ಗೋಧಿಯ ಜೊತೆ ಕಾಂಗ್ರೆಸ್ ಕಳೆಯ ಬೀಜ ಬಂತು, ಬೇಕೆಂದೇ ಕಳಿಸಿದರು ಎಂದು ನಮ್ಮ ಊರಿನ ಕಟ್ಟೆಯ ಮೇಲೆ ಇಂದಿಗೂ ಹೇಳುತ್ತಾರೆ. ಪುಣೆಯಲ್ಲಿ ಅದು ಐವತ್ತರ ದಶಕದಲ್ಲಿ ಎಲ್ಲರ ಕಣ್ಣಿಗೆ ಬಿತ್ತು ನಿಜ. ಆದರೆ ಅದಕ್ಕೂ ಬಹಳ ಹಿಂದಿನ ಒಣಗಿಸಿಟ್ಟ ಮಾದರಿಗಳು ಈ ದೇಶದಲ್ಲೇ ಸಿಕ್ಕಿವೆ ಎಂದು ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ಹೇಳಿದರೆ ಕಟ್ಟೆಯ ಮೇಲಿನವರು ಕೇಳುವುದಿಲ್ಲ. ಅನ್ನ ಕೊಟ್ಟವನ ಮೇಲಿನ ಅನುಮಾನ ಅಷ್ಟು ಬೇಗ ಹೋಗುವುದಿಲ್ಲ.

ನಿದ್ದೆಗೇಡಿ (ಭಾನುವಾರ, ರಾತ್ರಿ 11:58)

ಬೆಳವಲ ಅವರೇ, ನೀವು ಊಟವೇ ತಿರುಳು ಎಂದ ಮೇಲೆ ಇನ್ನೊಮ್ಮೆ ನೋಡಿದೆ. ಎಲ್ಲಾ ಕಡೆ ತಿನ್ನುವ ಮಾತೇ ಇದೆ. ಶಾಲೆಯ ಹುಡುಗರ ಊಟ, ಎರಡು ಸಂಸಾರಗಳ ಊಟ. ಅತ್ತ ಮಾಸ್ಕೋಗೆ ಮರಳಿದ ಕೆಜಿಬಿ ಅಧಿಕಾರಿ ಒಲೆಗ್‌ಗೆ ಕೊಟ್ಟ ಹೊಸ ಕೆಲಸವೂ ಆಹಾರ ಸರಬರಾಜಿನ ಭ್ರಷ್ಟಾಚಾರವನ್ನು ಪತ್ತೆಹಚ್ಚುವುದು. ಅಮೆರಿಕದವರು ಗೋಧಿಗೆ ಏನು ಬೆರೆಸುತ್ತಾರೋ ಎಂದು ಸೋವಿಯತ್ ಬೇಹುಗಾರರು ಹುಡುಕುತ್ತಿರುವಾಗ, ತಾಯ್ನಾಡಿನಲ್ಲಿ ಅಂಗಡಿಯ ಕಪಾಟಿನಿಂದ ತಮ್ಮವರೇ ಕದಿಯುತ್ತಿದ್ದಾರೆ.

ಇನ್ನೊಂದು ಎಳೆಯೂ ಸಿಕ್ಕಿತು. ವಿಲಿಯಂ ಸಿಕ್ಕಿಬಿದ್ದದ್ದು ಹೇಗೆ? ಪ್ರಯೋಗಾಲಯದಲ್ಲಿ ನಿಮ್ಮವನೊಬ್ಬ ನಮ್ಮವನು ಎಂಬ ಸುಳಿವನ್ನು ಸ್ಟ್ಯಾನ್‌ಗೆ ಕೊಟ್ಟವನು ಒಲೆಗ್. ಅಂಥ ರೋಗಾಣು ತನ್ನ ದೇಶದ ಕೈಗೆ ಹೋಗಬಾರದೆಂದು ಹೆದರಿ ಕೊಟ್ಟ ಸುಳಿವು. ಅದರಿಂದ ವಿಲಿಯಂ ಸತ್ತ, ಅವನನ್ನು ಹೂತರು, ಈಗ ಅಗೆಯುತ್ತಿದ್ದಾರೆ. ಒಲೆಗ್ ತಡೆದದ್ದೆಲ್ಲವನ್ನೂ ಈ ಸಲಿಕೆಗಳು ಹಿಡಿ ಹಿಡಿಯಾಗಿ ವಾಪಸು ತೆಗೆಯುತ್ತಿವೆ. ಮಾಸ್ಕೋದಲ್ಲಿರುವ ಅವನಿಗೆ ಗೊತ್ತೇ ಇಲ್ಲ.

ರಾತ್ರಿಪಾಳಿ ಮೇಡಂ, ಹ್ಯಾನ್ಸ್ ಬಗ್ಗೆ ನೀವು ಹೇಳಿದ್ದು ನಿಜ, ನಾನು ಅವನನ್ನು ಮರೆತದ್ದು ತಪ್ಪು. ಅವನು ಎಲಿಜಬೆತ್‌ಳ ಶಿಷ್ಯ. ಯಾರನ್ನು ಹಿಂಬಾಲಿಸಬೇಕು, ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಕಲಿಸಿದವಳು ಅವಳೇ. ಮೂರನೆಯ ಸೀಸನ್ನಿನಲ್ಲಿ ಅವನ ಮುಖವನ್ನು ಒಬ್ಬ ನೋಡಿಬಿಟ್ಟ, ಇನ್ನು ನೀನು ಬೇಡ ಎಂದಳು. ಆ ನೋಡಿದವನನ್ನೇ ಕೊಂದು ಕೆಲಸ ಉಳಿಸಿಕೊಂಡ ಹುಡುಗ. ಈಗ ಇದೇ ಕಂತಿನಲ್ಲಿ ಅವಳು ಇನ್ನೊಬ್ಬರಿಗೆ ಕಲಿಸುತ್ತಿದ್ದಾಳೆ, ಮನೆಯ ಗ್ಯಾರೇಜಿನಲ್ಲಿ, ಮಗಳಿಗೆ. ಕಣ್ಣೆದುರು ಒಬ್ಬ ಸತ್ತದ್ದನ್ನು ನೋಡಿ ನಿದ್ದೆಗೆಟ್ಟ ಹುಡುಗಿಗೆ ಹೊಡೆದಾಟ ಹೇಳಿಕೊಡುತ್ತಾಳೆ. ಕೈ ಹೀಗಿರಲಿ, ಕಾಲು ಹೀಗಿರಲಿ ಎಂದು. ಶಿಷ್ಯನಿಗೆ ಗುಂಡು ಹೊಡೆದವಳೂ ಗ್ಯಾರೇಜಿನಲ್ಲಿ ಮಗಳ ಕೈ ಹಿಡಿದು ತಿದ್ದಿದವಳೂ ಒಬ್ಬಳೇ. ಎರಡೂ ಕಡೆ ಅವಳ ಪ್ರೀತಿ ನಿಜವೆಂದೇ ನನಗೆ ಅನ್ನಿಸುತ್ತದೆ. ಅದೇ ಭಯ.

ಬರೆಯುತ್ತಾ ಹನ್ನೆರಡಾಯಿತು. ಹೆಸರಿಗೆ ತಕ್ಕವನು.

ಹಳೆಯಬೈಂಡು (ಸೋಮವಾರ, ಬೆಳಗ್ಗೆ 6:30)

ಮಕ್ಕಳೇ, ನಿಮ್ಮ ಚರ್ಚೆಯನ್ನು ಮೌನವಾಗಿ ಓದುತ್ತಿರುತ್ತೇನೆ. ನನಗೆ ಎಪ್ಪತ್ತೆರಡು. ಇವತ್ತು ಬರೆಯಲೇಬೇಕೆನ್ನಿಸಿತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು ಸೋವಿಯತ್ ಪತ್ರಿಕೆಗಳನ್ನು ತರಿಸುತ್ತಿದ್ದರು. ಓದಿ ಆದ ಮೇಲೆ ನಮಗೆ ಹಂಚುತ್ತಿದ್ದರು, ಪುಸ್ತಕಗಳಿಗೆ ಬೈಂಡು ಹಾಕಿಕೊಳ್ಳಲು. ಅಂಥ ಹೊಳಪಿನ ಕಾಗದ ನಮ್ಮ ಊರಿನಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಒಂದು ಗೋಧಿಯ ಹೊಲವಿತ್ತು. ಕಣ್ಣು ಹಾಯುವವರೆಗೂ ಗೋಧಿ, ನಡುವೆ ಕೆಂಪು ಬಣ್ಣದ ಯಂತ್ರ, ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿಕೊಂಡು ನಗುವ ಹೆಂಗಸು. ನಮ್ಮ ಮನೆಯಲ್ಲಿ ಆಗ ಪಡಿತರದ ಕೆಂಪು ಜೋಳ. ಆ ಹೆಂಗಸಿನ ಊರಿನಲ್ಲಿ ಯಾರೂ ಹಸಿದಿರುವುದಿಲ್ಲ ಎಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮುಂದೆ ಬೆಂಗಳೂರಿಗೆ ಬಂದ ಮೇಲೆ ನವಕರ್ನಾಟಕದ ಅಂಗಡಿಯಲ್ಲಿ ಮೂರು ನಾಲ್ಕು ರೂಪಾಯಿಗೆ ಗಟ್ಟಿ ರಟ್ಟಿನ ರಷ್ಯನ್ ಪುಸ್ತಕಗಳನ್ನು ಕೊಳ್ಳುತ್ತಿದ್ದೆ. ಇನ್ನೂ ಇವೆ. ಗೆದ್ದಲು ಹತ್ತಿಲ್ಲ.

ಅಲೆಕ್ಸೈ ಮಾತನಾಡುವಾಗ ನನ್ನ ಸೊಸೆ, ಪಾಪ, ಎಷ್ಟು ಕಷ್ಟಪಟ್ಟಿದ್ದಾನೆ ಎಂದಳು. ನನಗೆ ಅವನ ಮೇಲೆ ಸಿಟ್ಟು ಬಂತು. ನಂಬಲಾರಿರಿ, ಎದ್ದು ಹೋಗಿ ನೀರು ಕುಡಿದು ಬಂದೆ. ಅವನು ಹೇಳುವುದೆಲ್ಲ ಸತ್ಯವೆಂದು ನನಗೆ 1991ಕ್ಕೇ ಗೊತ್ತಾಗಿದೆ. ಆದರೂ ಒಬ್ಬ ಅತಿಥಿ ಊಟಕ್ಕೆ ಕೂತು ಹಾಗೆಲ್ಲ ಮಾತನಾಡಬಹುದೇ? ಎಲಿಜಬೆತ್ ಹಲ್ಲುಕಚ್ಚಿ ಮುಗುಳ್ನಗುತ್ತಾಳೆ. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದ್ದರೆ ನಾನೂ ಹಾಗೆಯೇ ಕೂತಿರುತ್ತಿದ್ದೆ.

ರಾತ್ರಿಪಾಳಿ (ಸೋಮವಾರ, ಬೆಳಗ್ಗೆ 7:10)

ಅಜ್ಜಾ, ಪಾಳಿ ಮುಗಿಸಿ ಬಸ್ಸಿನಲ್ಲಿ ಇದನ್ನು ಓದಿದೆ. ಆ ಗಣಿತದ ಪುಸ್ತಕ ಉಳಿದಿದೆಯೇ?

ಹಳೆಯಬೈಂಡು (ಸೋಮವಾರ, ಬೆಳಗ್ಗೆ 7:25)

ಇಲ್ಲಮ್ಮ. ತಮ್ಮನಿಗೆ ಹೋಯಿತು, ಅವನಿಂದ ತಂಗಿಗೆ. ಗಣಿತದಲ್ಲಿ ಮೂವರೂ ಅಷ್ಟಕ್ಕಷ್ಟೇ.

ಕಡ್ಲೆಪುರಿ (ಸೋಮವಾರ, ರಾತ್ರಿ 9:30)

ಇಷ್ಟೆಲ್ಲ ಓದಿದ ಮೇಲೆ ಮತ್ತೆ ನೋಡದಿದ್ದರೆ ತಪ್ಪಾಗುತ್ತದೆಂದು ನೋಡಿದೆ. ಈ ಸಲ ನಿದ್ದೆ ಬರಲಿಲ್ಲ. ಬಾವಿಕಟ್ಟೆಯವರು ಹೇಳಿದ ಲಯವನ್ನು ಹುಡುಕುತ್ತಾ ಕೂತಿದ್ದಕ್ಕೋ ಏನೋ. ಹ್ಯಾನ್ಸ್ ಸಾಯುವುದು ಮೊದಲೇ ಗೊತ್ತಿದ್ದರಿಂದ ಪ್ರತಿಯೊಂದು ಸಲಿಕೆ ಮಣ್ಣೂ ಅವನಿಗೇ ತೋಡಿದಂತೆ ಕಂಡಿತು. ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು ಎಂಬ ಮಾತು ನಮ್ಮಲ್ಲಿ ಸವೆದು ಹೋಗಿದೆ. ಇಲ್ಲಿ ಅದು ಅಕ್ಷರಶಃ ನಡೆಯುತ್ತದೆ, ಹುಡುಗನಿಗೆ ಗೊತ್ತಿಲ್ಲ.

ಆದರೆ ನನ್ನ ಮೂಲ ದೂರನ್ನು ಬಿಡುವುದಿಲ್ಲ. ಎರಡನೆಯ ಸಲ ನೋಡಿದಾಗ ಮಾತ್ರ ರುಚಿಸುವುದು ಮೊದಲ ಕಂತಿಗೆ ಗುಣವೋ ದೋಷವೋ? ಈ ಸೀಸನ್ನು ಎಳೆದಾಡಿದೆ ಎಂಬ ಗೊಣಗಾಟ 2017ರಲ್ಲೇ ಇತ್ತು. ನನ್ನೊಬ್ಬನದಲ್ಲ. ಜೊತೆಗೆ ಹೆನ್ರಿಯನ್ನು ಎಲ್ಲಿ ಬಚ್ಚಿಟ್ಟಿದ್ದಾರೆ? ಅಪ್ಪ ಅಮ್ಮ ಬಾಡಿಗೆ ಮಗನ ಜೊತೆ ಊಟ ಮಾಡುತ್ತಿದ್ದರೆ ಸ್ವಂತ ಮಗನ ಊಟ ಯಾರು ನೋಡುತ್ತಾರೆ?

ಬೆಳವಲ (ಸೋಮವಾರ, ರಾತ್ರಿ 9:48)

ಹೆನ್ರಿಯ ಊಟದ ಪ್ರಶ್ನೆ ಚೆನ್ನಾಗಿದೆ. ಮುಂದೆ ಹೇಳುವಂತಿಲ್ಲ, ನಿದ್ದೆಗೇಡಿಯವರು ಬೈಯುತ್ತಾರೆ.

ಬಾವಿಕಟ್ಟೆ (ಸೋಮವಾರ, ರಾತ್ರಿ 10:15)

ನಾನು ನಿನ್ನೆ ಅಪ್ಪನಿಗೆ ಆ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದೆ. ಕತೆ ಏನೂ ಹೇಳಲಿಲ್ಲ. ಇಂಗ್ಲಿಷ್ ಬಾರದು, ಬೇಕಾಗಿಯೂ ಇಲ್ಲ, ಯಾರೂ ಮಾತನಾಡುವುದಿಲ್ಲವಲ್ಲ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಹುಡುಗನಿಗೆ ಗುಂಡು ಬಿದ್ದಾಗ ಒಂದು ಸಲ ಚ್ಚ್ ಎಂದರು.

ಆಮೇಲೆ ಫೋನು ವಾಪಸು ಕೊಡುತ್ತಾ ಕೇಳಿದ್ದು ಇಷ್ಟೇ: “ಅಷ್ಟು ಮಣ್ಣನ್ನು ಮತ್ತೆ ಮುಚ್ಚುವವರು ಯಾರು?”